ಹಗೇವಿನ ಕಲ್ಲು

ಮಾರ್ಗಶಿರದ ಬಿಸಿಲು ಏರುವ ಮೊದಲೇ ಮುನಿಶಾಮಪ್ಪ ಅಂಗಳದ ಹಗೇವು ತೆರೆದಿದ್ದ. ಹೊಸ ರಾಗಿ ಸುರಿಯುವ ಮುಂಚೆ ನೆಲದೊಳಗಿನ ಆ ಕಣಜಕ್ಕೆ ಗಾಳಿಯಾಡಬೇಕು. ಆಮೇಲೆ ಬುಡ್ಡಿ ದೀಪ ಇಳಿಸಿ, ಒಳಗಿನ ಕೆಟ್ಟ ಗಾಳಿಗೆ ಅದು ಆರದಿದ್ದರೆ ಮಾತ್ರ ಒಬ್ಬರು ಇಳಿದು ಗುಡಿಸಬೇಕು. ಅಷ್ಟರಲ್ಲಿ ಹೊಸೂರಿನಿಂದ ಚಂದ್ರಲೇಖಾ ಮೇಡಂ ಬಂದರು. ಕಾಲೇಜಿನಲ್ಲಿ ಇತಿಹಾಸ ಹೇಳುವವರು. ಗುಡ್ಡದ ಪಾಂಡವರ ಮನೆ ತೋರಿಸಲು ಐನೂರು ರೂಪಾಯಿಗೆ ಅವನನ್ನು ಗೊತ್ತು ಮಾಡಿದ್ದರು.

"ನಾ ಬಂದು ಇಳೀತೀನಿ ಕಣೇ" ಎಂದು ಹೆಂಡತಿ ಅಶ್ವತ್ಥಮ್ಮನಿಗೆ ಹೇಳಿ ಹೊರಟ.

ಗುಡ್ಡದ ಮೇಲೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಗೂಡುಗಳು. ಒಂದೊಂದರ ಮುಂಗಲ್ಲಿನಲ್ಲೂ ಆಳು ನುಸುಳುವಷ್ಟು ದುಂಡನೆಯ ಕಿಂಡಿ.

"ಇವು ಸಮಾಧಿಗಳು. ರೋಮಿನವರು ಹಡಗಿನಲ್ಲಿ ನಮ್ಮ ಮೆಣಸು ಒಯ್ಯುತ್ತಿದ್ದ ಕಾಲದವು" ಎಂದರು ಮೇಡಂ.

"ಅವ್ರಿಗೇನು ಹೇಳಿ, ಮೆಣಸು ತಿಂದು ಹೋದ್ರು. ನಮ್ಗೆ ಪಾಂಡವರ ಮನೇನೇ."

ಮೇಡಂ ನಕ್ಕರು. ಕೊನೆಯ ಗೂಡಿನ ಮುಂದೆ ನಗು ನಿಂತಿತು. "ಇದರ ಕಿಂಡಿಕಲ್ಲು?"

"ಸಿಡ್ಲು ಹೊಡೀತು."

"ಒಂದು ಚೂರೂ ಬಿದ್ದಿಲ್ಲವಲ್ಲ. ಯಾರೋ ಹೊತ್ತಿದ್ದಾರೆ. ಕೃಷ್ಣಗಿರಿಯ ಪುರಾತತ್ವ ಇಲಾಖೆಗೆ ಬರೀತೀನಿ, ಕೇಸಾಗಲಿ."

ಮುನಿಶಾಮಪ್ಪ ಕೆಳಗಿನ ತನ್ನ ಮನೆಯತ್ತ ನೋಡಿದ. ಅವನಪ್ಪ ಆ ಕಲ್ಲನ್ನು ಎತ್ತುಗಳಿಂದ ಎಳೆಸಿ ತಂದು ಹಗೇವಿನ ಬಾಯಿಗೆ ಕೂರಿಸಿದ್ದ. ಅದಕ್ಕೆಂದೇ ಕೊರೆದಂತಿತ್ತು ಕಿಂಡಿ.

ಇಳಿಯುವಾಗ ಮೇಡಂ ನೀರು ಕೇಳಿದರು. ದಾರಿಯಲ್ಲಿದ್ದದ್ದು ಅವನ ಮನೆಯೊಂದೇ. ಮುಂದಾಗಿ ಓಡಿ, ಕಣದ ಟಾರ್ಪಾಲನ್ನು ಕಲ್ಲಿನ ಮೇಲೆ ಎಳೆದು ಹಾಕಿದ. ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟ.

"ಮನೆಯವರು?"

"ಹೊಲಕ್ಕೋಗವ್ಳೆ."

ಅವನೂ ಹಾಗೆಂದೇ ತಿಳಿದಿದ್ದ.

"ಯಾವನ್ಲಾ ಅದು ಕತ್ಲೆ ಮಾಡಿದ್ದು!" ಟಾರ್ಪಾಲಿನಡಿಯಿಂದ ಅಶ್ವತ್ಥಮ್ಮನ ದನಿ. "ಬುಡ್ಡಿ ಆರೋಯ್ತು ಕಣ್ಲಾ!"

ಮೇಡಂ ಲೋಟ ಇಳಿಸಿದರು. ಮುನಿಶಾಮಪ್ಪ ಟಾರ್ಪಾಲಿನ ಅಂಚು ಹಿಡಿದ. ಆದರೆ ಎತ್ತಲಿಲ್ಲ. ಒಳಗಿನಿಂದ ಕೆಮ್ಮು ಬಂತು, ಮತ್ತೊಂದು ಬಂತು. ಅವನು ಎಳೆದು ಬಿಸುಟ.

ದುಂಡು ಕಿಂಡಿಯಿಂದ ಧೂಳು ಮೆತ್ತಿದ ತಲೆ ಮೇಲೆದ್ದಿತು. "ನನ್ನ ಇಲ್ಲೇ ಹೂಣ್ಬೇಕೂಂತಿದ್ಯಾ, ಮೂದೇವಿ!" ಎಂದವಳು ಹೊಸಬರನ್ನು ಕಂಡು ಸೆರಗು ಸರಿಮಾಡಿಕೊಂಡಳು.

ಇಬ್ಬರೂ ರಟ್ಟೆ ಹಿಡಿದು ಅವಳನ್ನು ಮೇಲೆಳೆದರು. ಮೇಡಂ ಕೈ ಕಿಂಡಿಯ ಅಂಚಿನ ಮೇಲೆ, ಉಳಿಯ ಗುರುತುಗಳ ಮೇಲೆ, ಹಾಗೇ ಉಳಿಯಿತು. ಅವರು ಒಮ್ಮೆ ಗುಡ್ಡದತ್ತ ತಿರುಗಿ ನೋಡಿದರು. ಆಮೇಲೆ ಅವರು ಐನೂರರ ನೋಟು ತೆಗೆದು ಚಾಚಿದರು. ಮುನಿಶಾಮಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಮೂಲೇಲಿ ಇನ್ನೂ ಕಸ ಐತೆ" ಎಂದು ಅಶ್ವತ್ಥಮ್ಮ ಬುಡ್ಡಿ ಹೊತ್ತಿಸಿ, ಹಗ್ಗ ಕಟ್ಟಿ ಕಿಂಡಿಯೊಳಗೆ ಬಿಟ್ಟಳು.

ಮೂವರೂ ಬಾಗಿ, ಅದು ಆರುತ್ತದೋ ಎಂದು ನೋಡುತ್ತ ನಿಂತರು.