ಕುರಿಹೆಜ್ಜೆ ದಡಿ

ಇಲ್ಲ, ನಿನ್ನೆ ಈ ಸೂಚನೆ ಇಷ್ಟು ದೊಡ್ಡದಿರಲಿಲ್ಲ, ಮೂಲೆಯಲ್ಲಿ ಬಂದು ತಾನೇ ಹೋಗುತ್ತಿತ್ತು, ಇವತ್ತು ಪರದೆಯ ನಟ್ಟನಡುವೆ ಬಂದು ಕುಳಿತಿದೆ, ಈ ವಿಂಡೋಸ್ ಟೆನ್‌ಗೆ ಇನ್ನು ಬೆಂಬಲ ಇಲ್ಲ, ಇದು ಅಸುರಕ್ಷಿತ, ಹೊಸದಕ್ಕೆ ಹೋಗಿ, ಕೆಳಗೆ ಎರಡೇ ಗುಂಡಿ, ಒಂದು ಈಗ, ಒಂದು ಆಮೇಲೆ, ಬೇಡ ಎನ್ನುವುದಕ್ಕೆ ಗುಂಡಿಯೇ ಇಟ್ಟಿಲ್ಲ. ಆಮೇಲೆ ಒತ್ತಿದೆ. ಏಳು ವರ್ಷದಿಂದ ಶಹಾಪುರದ ಈ ಕೋಣೆಯಲ್ಲಿ ಇದರ ಮುಂದೆ ಕುಳಿತು ಸೀರೆಯ ದಡಿಗಳಿಗೆ ನಕ್ಷೆ ಬರೆಯುತ್ತಿದ್ದೇನೆ, ಗೋಡೆಯಾಚೆ ಬಸಲಿಂಗಪ್ಪ ಸಾವ್ಕಾರರ ಎಂಟು ಮಗ್ಗ ಬೆಳಗಿನಿಂದ ಬಡಿದುಕೊಳ್ಳುತ್ತವೆ, ಪರದೆಯ ಮೇಲೆ ನಾನು ತುಂಬಿದ ಚೌಕಗಳು ರಟ್ಟಿನ ಮೇಲೆ ತೂತಾಗುತ್ತವೆ, ರಟ್ಟು ಮಗ್ಗದ ನೆತ್ತಿ ಏರುತ್ತದೆ, ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ, ಇಷ್ಟೇ ನನ್ನ ವಿದ್ಯೆ, ಇದರಲ್ಲಿ ಅಸುರಕ್ಷಿತವಾದದ್ದು ಇದೆ ಎಂದು ಈ ಯಂತ್ರಕ್ಕೆ ಯಾರು ಹೇಳಿದರು. ನಕ್ಷೆಯ ಪ್ರೋಗ್ರಾಂ ಹಳೆಯದು, ಮಾಡಿದವರು ಅಂಗಡಿ ಮುಚ್ಚಿಕೊಂಡು ಹೋಗಿದ್ದಾರೆ, ಹೊಸ ವಿಂಡೋಸ್ ಇಲೆವೆನ್ ಹಾಕಿದ ದಿನ ಅದು ತೆರೆಯುವುದಿಲ್ಲ, ಅಷ್ಟು ನನಗೂ ಗೊತ್ತು. ನಾನಿನ್ನೂ ಹಳೆಯದರಲ್ಲೇ ಇದ್ದೇನೆ ಎಂದು ಬೀರೇಶನಿಗೆ ಹೇಗೆ ಗೊತ್ತಾಯಿತು. ನನಗಿಂತ ಮೊದಲಿನಿಂದ ಇಲ್ಲಿ ನಕ್ಷೆ ಬರೆಯುತ್ತಿದ್ದ ಭರಮಣ್ಣ ಕಾಕಾನ ಮಗ, ಖಾನಾಪುರದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ, ಎರಡು ವರ್ಷದಿಂದ ಮಾತಿಲ್ಲ ಕತೆಯಿಲ್ಲ, ಹೋದ ವಾರ ಒಮ್ಮೆಲೇ ಫೋನು, ಸುಜಯಣ್ಣಾರ, ನಿಮ್ಮ ಮಷೀನ್ ಇನ್ನೂ ಟೆನ್ ಮ್ಯಾಲೇ ಐತೇನ್ರಿ, ರವಿವಾರ ನಾ ಬಂದು ಇಲೆವೆನ್ ಹಾಕಿಕೊಡ್ತೇನ್ರಿ, ಒಂದ್ ಕಪ್ ಚಾ ಕುಡಸ್ರಿ ಸಾಕು. ನಾನು ಕೇಳಿರಲಿಲ್ಲ. ಕೇಳದವನಿಗೆ ಇಪ್ಪತ್ತೈದು ಕಿಲೋಮೀಟರ್ ಬೈಕ್ ಹೊಡೆದುಕೊಂಡು ಬಂದು ಉಪಕಾರ ಮಾಡುವವನು ಒಂದು ಕಪ್ ಚಹಾಕ್ಕೆ ಬರುತ್ತಾನೆಯೇ, ಏನನ್ನೋ ನೋಡಲು ಬರುತ್ತಾನೆ. ಡಿಸ್ಕ್ ಪೂರಾ ಖಾಲಿ ಮಾಡಬೇಕಾಗತೈತ್ರಿ, ಮೊದಲ ನಿಮ್ಮ ಡಿಸೈನ್ ಒಂದೊಂದ ತಗದು ಚಿತ್ರ ಮಾಡಿ ಇಡೂಣು, ನಾನೂ ಬಾಜೂಕ ಕುಂದರ್ತೇನಿ, ಅಂದ. ಬಾಜೂಕ ಕುಂದರ್ತೇನಿ. ಅದಕ್ಕೇ ಈ ವಾರವೆಲ್ಲ ಒಬ್ಬನೇ ಕುಳಿತು ಮುನ್ನೂರ ಹನ್ನೆರಡು ನಕ್ಷೆಗಳನ್ನೂ ಚಿತ್ರ ಮಾಡಿ ಪೆನ್‌ಡ್ರೈವಿಗೆ ಹಾಕಿ ಮುಗಿಸಿದ್ದೇನೆ, ಅವನು ಹಳೆಯ ಪ್ರೋಗ್ರಾಂ ತೆರೆಯುವ ಪ್ರಸಂಗವೇ ಬರಬಾರದು, ತೆರೆದರೆ ಇನ್ನೂರ ನಾಲ್ಕನೆಯದನ್ನು ತೆರೆಯುತ್ತಾನೆ, ತೆರೆದರೆ ಮೇಲೆ ಹಳದಿ ಪಟ್ಟಿ ಬರುತ್ತದೆ.

ಹಳದಿ ಪಟ್ಟಿಯಲ್ಲಿ ಹೆಸರು. ಹೊಸ ನಕ್ಷೆಯನ್ನು ಮೊದಲ ಸಲ ಉಳಿಸುವಾಗ ಆ ಹಾಳು ಪ್ರೋಗ್ರಾಂ ಬರೆದವರ ಹೆಸರು ಕೇಳುತ್ತದೆ, ಒಮ್ಮೆ ಕೊಟ್ಟರೆ ಅಳಿಸಲು ಬರುವುದಿಲ್ಲ, ಅಳಿಸಲು ನೋಡಿದ್ದೇನೆ, ಎಷ್ಟು ಸಲ ಎಂದು ಹೇಳಲಾರೆ. ಹೆಸರನ್ನು ಟೈಪು ಮಾಡಿದವನೂ ನಾನೇ. ಕಾಕಾನಿಗೆ ಕೀಬೋರ್ಡ್ ಬರುತ್ತಿರಲಿಲ್ಲ, ನಲವತ್ತು ವರ್ಷ ಗ್ರಾಫ್ ಹಾಳೆಯ ಮೇಲೆ ಕೆಂಪು ಪೆನ್ಸಿಲಿನಿಂದ ಚೌಕ ತುಂಬಿದ ಮನುಷ್ಯ, ಆ ವೇಳೆಗೆ ಕಣ್ಣು ಹೋಗುತ್ತಾ ಬಂದಿತ್ತು, ಹಾಳೆಯ ಗೆರೆಗಳು ಕಾಣದಾದಾಗ ನಾನೇ ಇಲ್ಲಿ ಕೂರಿಸಿದೆ, ಇದರಲ್ಲಿ ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು ಕಾಕಾ ಎಂದೆ. ಮೂಗು ಪರದೆಗೆ ತಾಗಿಸಿಕೊಂಡು ಮೌಸ್ ಹಿಡಿದ, ಈ ಇಲಿ ನನ್ನ ಮಾತ ಕೇಳವಲ್ದೋ, ಕುರಿ ಆಗಿದ್ರ ಕೇಳತಿತ್ತು, ಅಂದ. ಹನ್ನೊಂದು ದಿನ ಹಾಗೇ ಕುಳಿತ. ಚಿಕ್ಕವನಿದ್ದಾಗ ಖಾನಾಪುರದ ಕಡೆ ಅಪ್ಪನ ಹಿಂಡಿನ ಹಿಂದೆ ನಡೆದವನು, ಹಸಿ ಮಣ್ಣಿನಲ್ಲಿ ಕುರಿ ಕಾಲಿಟ್ಟರೆ ಎರಡು ಅಕ್ಕಿಕಾಳು ಪಕ್ಕಪಕ್ಕ ಇಟ್ಟಂತೆ ಬೀಳುತ್ತಿತ್ತಂತೆ, ಅದನ್ನೇ ಸಾಲಾಗಿ ಬಿಡಿಸಿದ, ಸಾಲು ಒಂದು ಕಡೆ ಅಂಕುಡೊಂಕಾಗಿ ಮತ್ತೆ ಸೇರುತ್ತದೆ, ಅಲ್ಲಿ ಹಳ್ಳ ಇತ್ತು ಅಂದ. ಕೊನೆಯ ಹೆಜ್ಜೆಯಲ್ಲಿ ಒಂದು ಚೌಕ ಬಿಳಿಯಾಗಿಯೇ ಉಳಿದಿತ್ತು, ಕಾಣಲಿಲ್ಲವೇನೋ ಎಂದು ನಾನು ತುಂಬಹೋದೆ, ಕೈ ಹಿಡಿದ, ಪೂರಾ ತುಂಬಬ್ಯಾಡೋ ತಮ್ಮಾ, ಒಂದು ಮನಿ ಖಾಲಿ ಬಿಡು. ಯಾಕ ಕಾಕಾ. ಹಿಂಡಿನ್ಯಾಗ ನಾಳೆ ಒಂದ್ ಮರಿ ಹುಟ್ಟಿತಂದ್ರ ಅದು ಎಲ್ಲಿ ನಿಲ್ಲಬೇಕು, ನಿನ್ನ ತೆಲಿ ಮ್ಯಾಲೇನು. ಅವನ ಹಳೆಯ ಹಾಳೆಗಳನ್ನು ಆಮೇಲೆ ನೋಡಿದೆ, ಎಲ್ಲದರಲ್ಲೂ ಒಂದು, ಎಲ್ಲೋ ಕೊನೆಗೆ, ಸಾಸಿವೆಯಷ್ಟು ಬಿಳಿ. ಭರಮಣ್ಣ, ಎಂದು ಟೈಪು ಮಾಡಿ ಇನ್ನೂರ ನಾಲ್ಕನೆಯದಾಗಿ ಉಳಿಸಿದೆ, ಆಯ್ತೇನೋ, ಆಯ್ತು ಕಾಕಾ. ಮರುವಾರ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಖಾನಾಪುರಕ್ಕೆ ಹೋದವನು ಕೆಲಸಕ್ಕೆ ತಿರುಗಿ ಬರಲಿಲ್ಲ.

ಫೋನು. ಎರಡನೇ ಗೇಟ್ ಹಾಕ್ಯಾರ್ರಿ ಅಣ್ಣಾರ, ರೈಲ್ ಹೋಗೂತನಾ ನಿಲ್ಲಬೇಕು, ಹತ್ತ ಮಿನಿಟು. ಇವತ್ತೇ ಆ ರವಿವಾರ, ಬೀರೇಶ ಟಿಳಕವಾಡಿಗೆ ಬಂದುಬಿಟ್ಟಿದ್ದಾನೆ. ಹತ್ತು ನಿಮಿಷದಲ್ಲಿ ಅಳಿಸಬಹುದು, ಅದೊಂದೇ ಕಡತ, ಬಲಗುಂಡಿ ಒತ್ತಿದರೆ ಆಯಿತು, ಆದರೆ ಅಳಿಸಿದ್ದನ್ನೂ ತೆಗೆಯುತ್ತಾರಂತೆ ಇವರು, ಲ್ಯಾಬಿನವರು, ಮುನ್ನೂರ ಹನ್ನೊಂದೇ ಇದ್ದರೆ ಒಂದೆಲ್ಲಿ ಎನ್ನುತ್ತಾನೆ, ಬೇಡ, ಡಿಸ್ಕ್ ತಾನಾಗಿ ಖಾಲಿಯಾಗಲಿ, ಅವನ ಕೈಯಿಂದಲೇ. ಹೊಸ ಪ್ರೋಗ್ರಾಂ ಚಿತ್ರವನ್ನಷ್ಟೇ ತೆಗೆದುಕೊಳ್ಳುತ್ತದೆ, ಪಟ್ಟಿ ಬರುವುದಿಲ್ಲ, ಇದು ತಿಳಿದ ದಿನ ನನಗೆ ಸಮಾಧಾನವಾಯಿತು, ಆ ಸಮಾಧಾನ ಇಷ್ಟವಾಗಲಿಲ್ಲ. ನಾನು ಸುಳ್ಳು ಹೇಳಿದವನಲ್ಲ. ಯಾವತ್ತೂ ಹೇಳಿಲ್ಲ. ಕಾಕಾ ಕೆಲಸ ಬಿಟ್ಟು ನಾಲ್ಕು ತಿಂಗಳಾಗಿತ್ತು, ಸಾವ್ಕಾರರು ನನ್ನ ಬೆನ್ನ ಹಿಂದೆ ಬಂದು ನಿಂತರು, ಪರದೆಯ ಮೇಲೆ ಅದೇ ಇತ್ತು, ದೊಡ್ಡದು ಮಾಡಿದ್ದೆ, ಹಳದಿ ಪಟ್ಟಿ ಮೇಲೆಲ್ಲೋ ಸರಿದು ಹೋಗಿತ್ತು, ಇದ ಯಾವುದೋ, ನಿಂದೇನು, ಅಂದರು. ಆಗ ಹನ್ನೊಂದು ಗಂಟೆ, ಚಹಾಕ್ಕೆಂದು ಮಗ್ಗಗಳೆಲ್ಲ ಒಟ್ಟಿಗೆ ನಿಂತವು, ದಿನಕ್ಕೊಮ್ಮೆ ಆಗುವ ಆ ನಿಶ್ಶಬ್ದ ನನಗೆ ಯಾವಾಗಲೂ ಇಷ್ಟ, ಅದರಲ್ಲಿ ಮಾತಾಡಬಾರದು ಅನ್ನಿಸುತ್ತದೆ, ಮಾತಾಡಲಿಲ್ಲ. ನಾಚ್ಕೋತಾನ ನೋಡ್ರಿ ಮಗಾ, ಬಿ.ಎ. ಓದಿದವಂಗ ಇಷ್ಟ್ ನಾಚ್ಕಿ ಇರಬಾರ್ದು, ಎಂದು ಬೆನ್ನು ತಟ್ಟಿ ಹೋದರು. ಅಷ್ಟೇ ಆದದ್ದು. ಆಮೇಲೆಲ್ಲ ತಾನಾಗಿ ಆಯಿತು, ಮೊದಲ ಸೀರೆ, ಆಮೇಲೆ ನಲವತ್ತು, ಟಿಳಕವಾಡಿಯ ಪ್ರದರ್ಶನದಲ್ಲಿ ಗಾಜಿನ ಹಿಂದೆ ಹಾಸಿ ಕೆಳಗೆ ರಟ್ಟಿನ ಮೇಲೆ ನನ್ನ ಹೆಸರು, ಪೇಪರಿನಲ್ಲಿ ಫೋಟೋ, ಅದನ್ನು ಸಾವ್ಕಾರರೇ ಕಟ್ಟು ಹಾಕಿಸಿ ಈ ಗೋಡೆಗೆ ಮೊಳೆ ಹೊಡೆದರು, ನಾನು ಪ್ರತಿ ಸಲವೂ ಸುಮ್ಮನಿದ್ದೆ, ಸುಮ್ಮನಿರುವುದು ನನ್ನ ಸ್ವಭಾವ, ಎಲ್ಲರಿಗೂ ಗೊತ್ತು.

ಆದರೆ ಆ ಸೀರೆಯನ್ನು ಖಾನಾಪುರಕ್ಕೆ ಒಯ್ದವನೂ ನಾನೇ ಅಲ್ಲವೇ, ಅದನ್ನು ಏನೆನ್ನಬೇಕು. ಕಾಕಾನ ಮಗಳು ಪ್ರಮಿಳಾಳ ಮದುವೆ, ಎರಡು ವರ್ಷದ ಹಿಂದೆ, ನಮ್ಮಲ್ಲಿ ನೇಯ್ದದ್ದರಲ್ಲಿ ಚಲೋದು ಕೊಡ್ರಿ ಎಂದು ಸಾವ್ಕಾರರನ್ನು ಕೇಳಿದೆ, ಕೊಟ್ಟರು, ನಿಂದ ಐತಿ ತಗೊಂಡ್ ಹೋಗು ಎಂದರು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ, ಕಾಕಾನಿಗೆ ಕಾಣುವುದಿಲ್ಲ ಎಂದುಕೊಂಡೆನೋ, ಕಾಣಲಿ ಎಂದುಕೊಂಡೆನೋ, ಇಂದಿಗೂ ನನ್ನ ಮೇಲೆ ನನಗೆ ನಂಬಿಕೆ ಇಲ್ಲ. ಹಂದರದ ಕೆಳಗೆ ಕುರ್ಚಿಯಲ್ಲಿ ಕೂತಿದ್ದ, ಯಾರು, ಸುಜಯಾನ, ಬಾರೋ ತಮ್ಮಾ, ಬಡವಾಗೀ ಏನು, ನಂಗೇನ್ ಕಾಣಂಗಿಲ್ಲ ಬಿಡು, ಧನಿ ಬಡವಾಗೈತಿ. ಅವನ ಹೆಂಡತಿ ಮಾಯವ್ವ ಕಾಕು ಸೀರೆ ಬಿಚ್ಚಿ ಅವನ ತೊಡೆಯ ಮೇಲೆ ಹರವಿದಳು, ನೋಡ್ರಿ, ಅಲ್ಲಲ್ಲ, ಮುಟ್ರಿ, ಇದು ಸುಜಯಂದ ಡಿಸೈನಂತ, ಪೇಪರಿನ್ಯಾಗ ಬಂದಿತ್ತಂತ. ಹೌದನು, ಅಂದ. ಹೆಬ್ಬೆರಳನ್ನು ದಡಿಯ ಮೇಲಿಟ್ಟ. ಬೆರಳು ನಡೆಯಿತು, ಅಕ್ಕಿಕಾಳು ಅಕ್ಕಿಕಾಳಾಗಿ, ಹಳ್ಳದ ಹತ್ತಿರ ಸುತ್ತಿ, ಮತ್ತೆ ಸಾಲಿಗೆ ಬಂದು, ಕೊನೆಯ ಹೆಜ್ಜೆಗೆ ಹೋಗಿ ನಿಂತಿತು. ಆ ಚೌಕ. ನಾನು ತುಂಬಿರಲಿಲ್ಲ. ತುಂಬಲು ಒಂದು ಗಳಿಗೆಯೂ ಬೇಕಾಗಿರಲಿಲ್ಲ, ತುಂಬಿರಲಿಲ್ಲ. ಎಳೆ ಏಳದೆ ಮಲಗಿದ್ದ ಆ ಸಾಸಿವೆಯಷ್ಟು ತಗ್ಗಿನಲ್ಲಿ ಹೆಬ್ಬೆರಳು ನಿಂತಿತು, ಎಷ್ಟು ಹೊತ್ತು, ಕಾಕು ಎರಡು ಸಲ ಹೆಂಗೈತಿ ಎಂದು ಕೇಳುವಷ್ಟು ಹೊತ್ತು. ಚಲೋ ನೇಯ್ದಾರ, ಅಂದ. ಊಟಾ ಮಾಡಿ ಹೋಗೋ ತಮ್ಮಾ. ಊಟಕ್ಕೆ ಕುಳಿತೆ, ಏನು ಬಡಿಸಿದರೋ. ಅಲ್ಲಿಂದ ಈಚೆಗೆ ಆ ಮನೆಯಿಂದ ಬಂದ ಮೊದಲ ಫೋನು ಹೋದ ವಾರದ್ದೇ, ಇದಕ್ಕೆ ಅರ್ಥ ಇಲ್ಲವೆಂದರೆ ನಾನು ನಂಬಬೇಕೇ, ಕಾಕಾನೇ ಕಳಿಸಿದ್ದಾನೆ, ಹೋಗಿ ಇನ್ನೂ ಹೆಸರು ಐತೇನು ನೋಡ್ಕೊಂಡ್ ಬಾ ಎಂದು.

ಬೈಕಿನ ಸದ್ದು. ಬಂದ, ಹೆಲ್ಮೆಟ್ ತೆಗೆದು ಗೋಡೆಯ ಕಟ್ಟಿನ ಮುಂದೆ ನಿಂತು ಪೇಪರಿನ ಫೋಟೋ ನೋಡಿದ, ಫೋಟೋದಾಗ ಭಾಳ ಸಣ್ಣಾವ ಇದ್ದೀರ್ರಿ, ಅಂದ, ಏನು ಅರ್ಥ ಅದಕ್ಕೆ, ಸುಮ್ಮನೆ ಅಂದನೋ. ಕುಂದರೋ ಬೀರೇಶ, ಕಾಕಾ ಹೆಂಗಿದಾರ. ಅದಾನ್ರಿ, ರೇಡಿಯೋ ಕೇಳ್ತಾನ, ಅವ್ವನ ಜೋಡಿ ಜಗಳಾಡ್ತಾನ. ಎಲ್ಲಾ ಪೆನ್‌ಡ್ರೈವಿಗೆ ಹಾಕೇನಿ, ನೀ ಏನೂ ತಗೀಬ್ಯಾಡ, ಅಂದೆ, ಬೇಗ ಅಂದೆನೇನೋ, ಅವನು ನನ್ನ ಮುಖ ನೋಡಿದ. ಎಲ್ಲಾ ಹಾಕೀರ್ಯಾ, ಭಾಳ ಚಲೋ ಆತು. ತನ್ನ ಡ್ರೈವ್ ಸಿಕ್ಕಿಸಿದ, ಯಂತ್ರ ಆರಿಸಿ ಹೊತ್ತಿಸಿದ, ನೀಲಿ ಪರದೆ ಬಂತು, ಈ ಡಿಸ್ಕಿನಲ್ಲಿರುವುದೆಲ್ಲ ಅಳಿದುಹೋಗುತ್ತದೆ ಎಂದು ಅದರ ಮೇಲೆ. ಬೆರಳನ್ನು ಮೌಸಿನ ಮೇಲಿಟ್ಟು ಒತ್ತದೆ ಕುಳಿತ. ಗೋಡೆಯಾಚೆ ಮಗ್ಗಗಳು ಒಂದೊಂದಾಗಿ ನಿಂತವು, ಹನ್ನೊಂದು ಗಂಟೆ. ಅಣ್ಣಾರ, ಖರೇ ಹೇಳ್ಬೇಕಂದ್ರ ಒಂದ್ ಕೇಳಾಕ ಬಂದೇನ್ರಿ, ಅಂದ. ಅಪ್ಪಂದು ಏನರ ಐತೇನ್ರಿ ಇದರಾಗ. ಮನ್ಯಾಗಿನ ಗ್ರಾಫ್ ಹಾಳಿ ಪೆಟ್ಟಿಗೀನ ಗೆದ್ದಲ ತಿಂದೈತಿ, ಮಳಿಗಾಲದಾಗ ತಗದ್ ನೋಡಿದ್ರ ಬರೇ ಮಣ್ಣು. ಒಂದರ ಇದ್ದಿದ್ರ ಪ್ರಿಂಟ್ ತಗದು ಪಟಾ ಮಾಡಸ್ತಿದ್ದೆ, ಅಂವ ಇರೂತನಾ ಗ್ವಾಡಿ ಮ್ಯಾಲ ಇರ್ಲಿ ಅಂತ. ಅವಂಗ ಕೇಳಿದ್ನಿ, ಅಲ್ಲಿ ನಿಂದೇನರ ಐತೇನಪಾ ಅಂತ. ಅಂವ ಅಂದಾ, ಅಲ್ಲಿ ನಂದೇನೂ ಇಲ್ಲೋ, ಎಲ್ಲಾ ಸುಜಯಂದ. ಹಂಗ ಅಂದರೂ ಒಂದ್ಸಲ ಕೇಳೂಣು ಅಂತ ಬಂದ್ನಿ.

ಎಲ್ಲಾ ಸುಜಯಂದ. ಕಾಕಾ ಕೊಟ್ಟನೋ, ಚುಚ್ಚಿದನೋ, ಹೇಗೆ ಅಂದ, ರೇಡಿಯೋ ಕೇಳುತ್ತಾ ಅಂದನೋ, ಹೆಬ್ಬೆರಳು ಆಗ ಎಲ್ಲಿತ್ತು, ಕುರ್ಚಿಯ ಕೈಯ ಮೇಲಿತ್ತೋ, ಏನನ್ನೋ ತಡವುತ್ತಿತ್ತೋ, ಇವನಿಗೆ ಗೊತ್ತಿದೆಯೋ, ಗೊತ್ತಿದ್ದೇ ಕೇಳುತ್ತಿದ್ದಾನೋ, ಈ ಮುಖದಲ್ಲಿ ಏನೂ ಇಲ್ಲ, ಕಾಯುವ ಮುಖ, ಬರೀ ಕಾಯುವ ಮುಖ, ಇನ್ನೂರ ನಾಲ್ಕು ಇನ್ನೂ ಒಳಗಿದೆ, ತಿರುಗಿ ಹೊತ್ತಿಸಿದರೆ ಬರುತ್ತದೆ, ಹಳದಿ ಪಟ್ಟಿಯ ಸಮೇತ ಬರುತ್ತದೆ, ಪ್ರಿಂಟ್ ತೆಗೆದರೆ ಹೆಸರೂ ಬರುತ್ತದೆ, ಒಂದು ಮಾತು ಸಾಕು. ಏನೂ ಇಲ್ಲೇನ್ರಿ ಹಂಗಾರ, ಅಂದ ಬೀರೇಶ, ನೀವು ಸುಮ್ಮನಿದ್ರ ಇಲ್ಲಂತನ ತಿಳೀತೇನ್ರಿ. ಬಿಳಿ ಚೌಕ. ಅದರ ಮೇಲೆ ನಿಂತ ಕಾಕಾನ ಹೆಬ್ಬೆರಳು. ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ. ಹಾಕ್ಲ್ಯಾ ಅಣ್ಣಾರ. ಒತ್ತಿದ. ಗೆರೆಯೊಂದು ಎಡದಿಂದ ಬಲಕ್ಕೆ ಮೆಲ್ಲಗೆ ತುಂಬತೊಡಗಿತು, ಹೆಬ್ಬೆರಳು ನಿಂತೇ ಇತ್ತು. ಕುರಿಹೆಜ್ಜೆ ದಡಿ ನಿಮ್ಮಪ್ಪನದು ಎಂದು ನಾನು ಬೀರೇಶನಿಗೆ ಹೇಳಲಿಲ್ಲ.