ನೋಡ್ಕೋತೀನಿ ಅಂದರೆ

ವಿಶ್ವವಿದ್ಯಾಲಯದ ಹೊಸ ವಿದ್ಯಾರ್ಥಿಗಳ ಸಹಾಯ ಕೇಂದ್ರದಲ್ಲಿ ನನ್ನದು ಮಾತು ಸಾಗಿಸುವ ಕೆಲಸ. ದೇಶ ಬಿಟ್ಟು ಓದಲು ಬಂದ ನಮ್ಮ ಮಕ್ಕಳು ಇಲ್ಲಿನ ಭಾಷೆ ನಾಲಿಗೆಗೆ ಹತ್ತದೆ ಪೇಚಾಡಿದರೆ ನನಗೆ ಕರೆ ಬರುತ್ತದೆ. ಅವತ್ತು ಕರೆದದ್ದು ಒಬ್ಬ ಸಿಡುಕಿಗಾಗಿ. ನನಗಿಂತ ಎರಡೇ ವರ್ಷ ಚಿಕ್ಕವಳು, ಮೊದಲ ದಿನವೇ ನನ್ನನ್ನು ಆಂಟಿ ಎಂದಿದ್ದಳು. ಅಂದಿನಿಂದ ಅವಳನ್ನು ಕಂಡರೆ ನನಗಾಗದು.

ಮೇಜಿನ ಆಚೆ ಕೇಂದ್ರದ ಮೇಡಂ, ಮುಖಕ್ಕೆ ಅಂಟಿಸಿಕೊಂಡ ನಗು. ಈಚೆ ಸಿಡುಕಿ. ಅವಳ ಪಕ್ಕದ ಕುರ್ಚಿ ಬಿಟ್ಟು ದೂರದಲ್ಲಿ ಅವಳ ರೂಮ್‌ಮೇಟ್, ಈ ದೇಶದವಳೇ. ಸಿಡುಕಿ ಬೆದರಿಕೆ ಹಾಕಿದ್ದಾಳೆಂದು ದೂರು. ನಿಜವಾದರೆ ಇವತ್ತೇ ಹಾಸ್ಟೆಲ್ ಬಿಡಬೇಕು. ಹಾಸ್ಟೆಲ್ ಇದೆಯೆಂಬ ಧೈರ್ಯದ ಮೇಲೇ ಮಗಳನ್ನು ಕಳಿಸಿದ ಅಪ್ಪ, ಅದಿಲ್ಲವೆಂದರೆ ಓದು ಬಿಡಿಸಿ ಊರಿಗೆ ಕರೆಸಿಕೊಳ್ಳುವುದು ಖಂಡಿತ.

ರೂಮ್‌ಮೇಟ್ ಫೋನ್ ಒತ್ತಿದಳು. ಅದರಲ್ಲಿ ಹಿಡಿದಿಟ್ಟ ಸಿಡುಕಿಯ ದನಿ ತಣ್ಣಗೆ ಕೇಳಿಸಿತು: "ಇರು. ನಿನ್ನ ನೋಡ್ಕೋತೀನಿ."

ಫೋನಿನ ಅನುವಾದ 'ನಿಲ್ಲು, ನಿನ್ನನ್ನು ನೋಡುತ್ತೇನೆ' ಎಂದಿತಂತೆ. ನೋಡಿದರೆ ತಪ್ಪೇನು ಎಂದು ಮೇಡಂಗೆ ಗೊಂದಲ.

"ಯಾಕೆ ಹಾಗಂದೆ?" ನಾನು ಕನ್ನಡದಲ್ಲಿ ಕೇಳಿದೆ.

"ಬೈದೆ. ಇನ್ನೇನು ಮುದ್ದು ಮಾಡ್ತಾರಾ?"

"ಬಾಯ್ಮುಚ್ಕೊಂಡು ಕೂತ್ಕೋ. ನಾನು ಹೇಳ್ತೀನಿ."

ನಮ್ಮ ಭಾಷೆಯ ಪುಣ್ಯ, ನಾವು ಕೂಸನ್ನೂ ನೋಡಿಕೊಳ್ಳುತ್ತೇವೆ, ಆಗದವರನ್ನೂ ನೋಡಿಕೊಳ್ಳುತ್ತೇವೆ. ನಾನು ಕೂಸಿನ ಅರ್ಥ ಹಿಡಿದೆ. ನಿನ್ನ ಆರೈಕೆ ನನಗಿರಲಿ ಎಂದಿದ್ದಾಳೆ ಎಂದೆ. ಮೇಡಂ ಕರಗಿ ನೀರಾದರು. ಹಾಗಾದರೆ ಇಬ್ಬರೂ ಅದೇ ಕೋಣೆಯಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿರಲಿ ಎಂದರು. ರೂಮ್‌ಮೇಟ್ ತುಟಿ ಕೊಂಕಿಸಿ ನಕ್ಕಳು.

"ಏನಂದ್ರಿ ಅವರಿಗೆ?" ಸಿಡುಕಿ ಕೇಳಿದಳು.

ಹೇಳಿದೆ, ಉಪಕಾರ ಮಾಡಿದ ಗತ್ತಿನಲ್ಲೇ.

ಸಿಡುಕಿ ಎದ್ದು ನಿಂತಳು. "ನನ್ನ ಹಾಸಿಗೆ ನಾರುತ್ತೆ ಅಂತ ಇವಳು ದಿನಾ ವರಾಂಡಕ್ಕೆ ಎಸೀತಾಳೆ. ಇಲ್ಲಿ ಬಂದು ಹೇಳಿದ್ರೆ ಈ ಮೇಡಂ ಹೊಂದ್ಕೊಂಡು ಹೋಗೋದು ಹೇಗೆ ಅಂತ ಒಂದು ಪುಸ್ತಕ ಕೈಗಿಟ್ರು. ಈಗ ನಾನೇ ಇವಳ ಸೇವೆ ಮಾಡ್ತೀನಿ ಅಂದ್ರೆ, ಇವಳು ಏನೂ ಮಾಡೇ ಇಲ್ಲ ಅಂತಾಯ್ತಲ್ಲ ಆಂಟಿ."

"ನಿಜ ಹೇಳಿದ್ರೆ ರೂಮು ಹೋಗುತ್ತೆ ಗೂಬೆ."

"ಯಾವ ರೂಮು? ನಾನು ಮಲಗೋದೇ ವರಾಂಡದಲ್ಲಿ."

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಮೇಡಂ ನಗು ಕಂಡು ಮೈಯೆಲ್ಲ ಉರಿಯಿತು. ಅವರತ್ತ ತಿರುಗಿ, ನಾನು ಸುಳ್ಳು ಹೇಳಿದೆ, ಅದು ಬೆದರಿಕೆಯೇ ಎಂದೆ. ಹಾಸಿಗೆ, ವರಾಂಡ, ಪುಸ್ತಕ, ಒಂದಕ್ಷರ ಬಿಡದೆ ಒಪ್ಪಿಸಿದೆ. ನಗು ಉದುರಿತು. ಹಾಸಿಗೆಯ ವಿಷಯ ವಿಚಾರಿಸೋಣ, ಆದರೆ ಬೆದರಿಕೆ ಬೆದರಿಕೆಯೇ, ಸಂಜೆಯೊಳಗೆ ಕೋಣೆ ಬಿಡಬೇಕು, ಹುಡುಗಿಗೆ ಮೃದುವಾಗಿ ತಿಳಿಸಿ ಎಂದರು.

"ಸಂಜೆ ಒಳಗೆ ಖಾಲಿ ಮಾಡ್ಬೇಕಂತೆ."

ಅವಳು ಅಳಲಿಲ್ಲ. ಜೇಬಿನಿಂದ ಕೋಣೆಯ ಕೀಲಿ ತೆಗೆದು ರೂಮ್‌ಮೇಟ್ ತೊಡೆಯ ಮೇಲೆ ಹಾಕಿದಳು.

"ಇವತ್ತು ಒಳಗಿಂದ ಬೀಗ ಹಾಕ್ಕೊಂಡು ಮಲಗ್ಲಿ. ನಾನಿನ್ನೂ ಇದೇ ಊರಲ್ಲಿ ಇರ್ತೀನಿ. ಇದನ್ನೂ ಹೇಳಿ ಆಂಟಿ."

ಹೇಳಿದೆ. ಮೃದುವಾಗಿ ಹೇಳಲಿಲ್ಲ.