ಗಿಟಾರಿನ ಜಾಗ

ಸುರೇಂದ್ರ ಗಿಟಾರನ್ನು ಚೀಲದಿಂದ ತೆಗೆದು ಹೆಣದ ಪಕ್ಕ ಮಲಗಿಸುತ್ತಿದ್ದಾಗ ಬೈಲಪ್ಪ ತಾಳ ನಿಲ್ಲಿಸಿದ. ಭಜನೆಯೂ ನಿಂತಿತು.

"ತೆಗೀಯಪ್ಪ ಅದನ್ನ. ದೇವರ ನಾಮ ನಡೀತೈತೆ."

"ಅವನ್ದೇ ಕಣಣ್ಣ ಇದು. ಬದುಕಿದ್ದಷ್ಟು ದಿನ ಎದೆಮ್ಯಾಗೆ ಇಕ್ಕೊಂಡಿದ್ದ. ಇವತ್ತೊಂದಿನ ಪಕ್ಕದಾಗಿದ್ರೆ ಏನಾಯ್ತದೆ?" ಸುರೇಂದ್ರ ಹಿಂದೂಪುರದಿಂದ ಮೊದಲ ಬಸ್ಸಿಗೆ ಬಂದಿದ್ದ. ಸತ್ತವನ ಜೊತೆ ಇಪ್ಪತ್ತು ವರ್ಷ ಢೋಲಕ್ ಬಾರಿಸಿದವನು.

"ಪೋನೀಲೇ, ಹೋಗ್ಲಿ ಬುಡು ಸುರೇಂದ್ರಣ್ಣ," ಎಂದಳು ಬನಶಂಕರಮ್ಮ, ಗಂಡನ ತಲೆಯ ಬಳಿಯಿಂದ. ಜಗಳ ಕೇಳುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. "ಗ್ವಾಡೆಗೆ ಒರಗ್ಸು."

ಕಲ್ಯಾಣದುರ್ಗದ ನೇಕಾರರ ಬೀದಿಯಲ್ಲಿ ಆದಿನಾರಾಯಣ ಎಂದರೆ ಯಾವ ಆದಿನಾರಾಯಣ ಎನ್ನುತ್ತಾರೆ. ಗಿಟಾರ್ ಆದಿ ಎಂದರೆ ಮನೆ ಬಾಗಿಲಿಗೇ ತಂದು ಬಿಡುತ್ತಾರೆ. ಕುಂದುರ್ಪಿಯ ಕುರಿಗಾರರ ಪದ, ಬ್ರಹ್ಮಸಮುದ್ರದ ಕಳೆ ಕೀಳುವವರ ಪದ, ಇವಕ್ಕೆಲ್ಲ ಕರೆಂಟಿನ ಗಿಟಾರು, ಡ್ರಮ್ಮು ಕಟ್ಟಿ ಈ ಸೀಮೆಯಲ್ಲಿ ಮೊದಲು ಮೆರೆಸಿದವನು ಅವನು. ಆಮೇಲೆ ಎಲ್ಲರೂ ಅದನ್ನೇ ಮಾಡಿದರು. ಬೈಗುಳವೆಲ್ಲ ಅವನ ಪಾಲಿಗೆ ಬಂತು, ಶಾಲು ಸನ್ಮಾನವೆಲ್ಲ ಅವರ ಪಾಲಿಗೆ. ಡಿಜೆ ಬಂದ ಮೇಲೆ ಮದುವೆಗೂ ಯಾರೂ ಕರೆಯಲಿಲ್ಲ.

ಬನಶಂಕರಮ್ಮನಿಗೆ ಶಾಲು ಬೇಕಿರಲಿಲ್ಲ. ಒಂದು ಮಾತು ಬೇಕಿತ್ತು, ಅದೂ ಬೈಲಪ್ಪನ ಬಾಯಿಂದ. ಸುತ್ತಲಿನ ಹಳ್ಳಿಗಳಲ್ಲಿ ಯಾರು ಸತ್ತರೂ ಹೆಣ ಎತ್ತುವಾಗ ಹಾಡುವ ಪದವೊಂದಿತ್ತು: "ಹೊತ್ತ ಹೊರೆಯ ಇಳಿಸೊ ಅಣ್ಣಾ, ಊರು ಬಂತು." ಅದು ತನ್ನ ಗಂಡನದು ಎಂದು ಇವತ್ತಾದರೂ ಅವನು ಹೇಳಬೇಕಿತ್ತು.

*

ಮದುವೆಯಾದ ಹೊಸದರಲ್ಲಿ ಆದಿ ಆ ಪದವನ್ನು ಮಗ್ಗದ ಗುಂಡಿಯಲ್ಲಿ ಕೂತೇ ಕಟ್ಟಿದ್ದ. ಅವಳು ಎದುರಿಗೆ ನೂಲು ಸುತ್ತುತ್ತಿದ್ದಳು. ಒಂದು ಸಾಲು ಹಾಡುವನು, ಬಾಯಲ್ಲೇ "ಡಣ್ ಡಣ ಡಣ್" ಎನ್ನುವನು, ಮುಂದಿನ ಸಾಲಿಗೆ ಹೋಗುವನು.

"ಅದ್ಯಾಕೆ ಪದ ನಡುವ್ನಾಗೆ ನಿಂತೋಯ್ತದೆ?"

"ಅದು ಗಿಟಾರಿನ ಜಾಗ ಕಣೇ. ಹಾಡೋನು ಕೇಳ್ತಾನೆ, ಅದು ಜವಾಬು ಕೊಡ್ತದೆ."

ಒಂದು ಶನಿವಾರ ರಾಮರ ಗುಡಿಯಲ್ಲಿ ಅದನ್ನು ನುಡಿಸಲು ಹೋದ. ಭಜನೆಯ ಯಜಮಾನ ಬೈಲಪ್ಪ ಎದ್ದು ಪ್ಲಗ್ಗು ಕಿತ್ತು ಕೈಗೆ ಕೊಟ್ಟ. "ದೇವ್ರಿಗೆ ಶಾಕ್ ಹೊಡೆಸ್ತೀಯೇನ್ಲಾ?" ಗುಡಿಗೆ ಗುಡಿಯೇ ನಕ್ಕಿತು. ಆದಿ ವೈರು ಸುತ್ತಿಕೊಂಡು ಮನೆಗೆ ಬಂದು ಉಣ್ಣದೆ ಮಲಗಿದ.

ಮರುವರ್ಷ ಹಿಂದೂಪುರದಲ್ಲಿ ಆ ಪದವನ್ನೇ ಕ್ಯಾಸೆಟ್ಟು ಮಾಡಿದರು. ಮೇಲಿನ ಕಾಗದದಲ್ಲಿ ಅಚ್ಚಿನವನು 'ಹಳ್ಳಿಯ ತತ್ವಪದಗಳು' ಎಂದಷ್ಟೇ ಹಾಕಿ ಹಾಡಿದವನ ಹೆಸರು ಬಿಟ್ಟ. ಗೋರಂಟ್ಲದ ಟೀ ಅಂಗಡಿಯಲ್ಲಿ, ಕುಂದುರ್ಪಿಯ ಬಸ್ಸಿನಲ್ಲಿ ಅದೇ ಹಾಡು. ಭಜನೆಯವರು ಕೇಳಿ ಕೇಳಿ ಕಲಿತರು. ಅವರ ಬಳಿ ಗಿಟಾರಿಲ್ಲ, ಹಾಗಾಗಿ ಅದರ ಜಾಗ ಬಂದಾಗ ಬಾಯಿ, ತಾಳ ಎರಡನ್ನೂ ನಿಲ್ಲಿಸಿ ಸುಮ್ಮನಿದ್ದರು. ಕ್ಯಾಸೆಟ್ಟು ಸವೆದುಹೋಯಿತು, ಆ ಸುಮ್ಮನಿರುವುದು ಉಳಿಯಿತು. ಜೀವ ಉಸಿರು ತಗೊಳ್ಳಲಿ ಎಂದು ಹಿರಿಯರು ಬಿಟ್ಟದ್ದು ಎಂದು ಒಬ್ಬರು ಹೇಳಿದರು, ಉಳಿದವರು ತಲೆಯಾಡಿಸಿದರು.

ಸಾವಿನ ಮನೆಗಳಿಂದ ಬಂದಾಗಲೆಲ್ಲ ಆದಿ ನಗುತ್ತಿದ್ದ. "ನನ್ನ ಬುಟ್ರೂ ಜಾಗ ಬುಟ್ಟವ್ರೆ ಕಣೇ." ಅವಳಿಗೆ ನಗು ಬರುತ್ತಿರಲಿಲ್ಲ.

*

ಹೊತ್ತು ನೆತ್ತಿಗೆ ಬಂತು. ಚಟ್ಟ ಕಟ್ಟಿದರು. ಬನಶಂಕರಮ್ಮ ಸೆರಗು ಹೊದ್ದು ಬೈಲಪ್ಪನ ಮುಂದೆ ನಿಂತಳು.

"ಬೈಲಪ್ಪಣ್ಣ, ಈಗ ಹಾಡ್ತೀರಲ್ಲ, ಆ ಪದ ಯಾರ್ದು?"

ಎಂಬತ್ತರ ಮುದುಕ ತಾಳದ ದಾರ ಸರಿಮಾಡಿಕೊಳ್ಳುತ್ತ ನೆಲ ನೋಡಿದ. "ಹಳೇದು ಕಣಮ್ಮ. ನಮ್ಮ ಗುರುಗಳ ಕಾಲದ್ದು."

ಸುರೇಂದ್ರ ಬಾಯಿ ತೆರೆದ. ಅವಳು ಬೇಡವೆಂದು ಕೈ ಆಡಿಸಿದಳು. ಸಾಕಾಗಿತ್ತು.

ಹೆಣ ಎತ್ತಿದರು. ಹೆಂಗಸರು ಬೀದಿ ತಿರುವಿನ ಬೋರಿನವರೆಗೆ ಮಾತ್ರ ಹೋಗಬಹುದು, ಅಲ್ಲಿಂದ ಆಚೆ ಗಂಡಸರೇ. ಅವಳಿಗಿದ್ದುದು ಆ ನೂರು ಹೆಜ್ಜೆ. ಪದ ಶುರುವಾಯಿತು. ಮೊದಲ ಸಾಲು ಮುಗಿದು ಎಲ್ಲ ಸುಮ್ಮನಾದಾಗ, ಹೋದ ವರ್ಷವಷ್ಟೇ ಭಜನೆಗೆ ಸೇರಿದ ಉಮಾಶಂಕರ್ ಝಲ್ಲನೆ ತಾಳ ತುಂಬಿಸಿಬಿಟ್ಟ.

"ಏಯ್! ನಿಲ್ಲುಸ್ಲಾ!" ಬೈಲಪ್ಪ ತಿರುಗಿ ನಿಂತ. ಹೊತ್ತವರೂ ನಿಂತರು.

"ಯಾಕ್ ತಾತಾ? ಖಾಲಿ ಐತಲ್ಲ ಅಂತ..."

"ಖಾಲಿ ಅಲ್ಲ ಕಣ್ಲಾ! ಅದು ಆದಿ ಗಿಟಾರಿನ ಜಾಗ!"

ಅಂದ ಮೇಲೆ ಮುದುಕನಿಗೆ ತಾನು ಅಂದದ್ದು ಕೇಳಿಸಿತು. ಬನಶಂಕರಮ್ಮನ ಕಡೆ ನೋಡಲು ಅವನಿಂದ ಆಗಲಿಲ್ಲ. ಸುರೇಂದ್ರನಿಗೆ ಮಾತ್ರ ಹೇಳಿದ:

"ಅಲ್ಲಿ ಗ್ವಾಡೆಗೆ ಇಕ್ಕಿದ್ಯಲ್ಲಪ್ಪ... ತಂದು ಅವನ ಪಕ್ಕ ಇಕ್ಕು."

ಸುರೇಂದ್ರ ಓಡಿಹೋಗಿ ತಂದ. ಹೂವು ಸರಿಸಿ ಜಾಗ ಮಾಡಿದರು.

ಬೋರು ಬಂತು. ಹೆಂಗಸರು ನಿಂತರು, ಗಂಡಸರು ತಿರುವಿನಲ್ಲಿ ಮರೆಯಾದರು. ಯಾರೋ ಬನಶಂಕರಮ್ಮನ ರಟ್ಟೆ ಹಿಡಿದು ಮನೆ ಕಡೆ ತಿರುಗಿಸಿದರು. ಅವಳು ಕದಲಲಿಲ್ಲ. ಮನೆಗಳ ಆಚೆಯಿಂದ ಪದ ಸಣ್ಣಗೆ ಕೇಳುತ್ತಿತ್ತು, 'ಊರು ಬಂತು' ಎಂಬಲ್ಲಿಗೆ ಬಂದು ನಿಂತಿತು.

"ಡಣ್ ಡಣ ಡಣ್," ಎಂದಳು ಅವಳು, ತುಟಿಯಲ್ಲೇ.

ಆಚೆಯಿಂದ ಮುಂದಿನ ಸಾಲು ಎದ್ದಿತು.